ಒತ್ತಡ ಇಳಿದಾಗ ಉದುರುವ ಔಷಧ

1822. ಫ್ರಾನ್ಸಿನ ಕಾನ್ಯಾರ್ ದ ಲ ಟೂರ್ ಬಂದೂಕಿನ ನಳಿಗೆಯ ತುಂಡೊಂದಕ್ಕೆ ಆಲ್ಕೋಹಾಲ್ ಹಾಕಿ, ಒಂದು ಕಲ್ಲಿನ ಗುಂಡು ಬಿಟ್ಟು, ಬಾಯಿ ಭದ್ರವಾಗಿ ಮುಚ್ಚಿ ಕಾಯಿಸಿದರು. ಅಲುಗಿಸಿದಾಗೆಲ್ಲ ಗುಂಡು ಒಳಗೆ ಗುಳುಂ ಅನ್ನುತ್ತಿತ್ತು. ಬಿಸಿ ಒಂದು ಹಂತ ದಾಟಿತು, ಆ ಸದ್ದು ನಿಂತುಹೋಯಿತು. ಮುಳುಗೋಕೆ ಅಲ್ಲಿ ದ್ರವವೇ ಇರಲಿಲ್ಲ! ದ್ರವಕ್ಕೂ ಆವಿಗೂ ನಡುವಿನ ಗೆರೆ ಅಳಿಸಿಹೋಗಿತ್ತು. ಈ ಸ್ಥಿತಿಯ ವಸ್ತುವನ್ನೇ ಈಗ ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಅನ್ನುತ್ತಾರೆ. ದ್ರವದ ಹಾಗೆ ಕರಗಿಸುತ್ತದೆ, ಗ್ಯಾಸಿನ ಹಾಗೆ ಸಂದಿಗೊಂದಿಗೆ ನುಗ್ಗುತ್ತದೆ.

1879ರಲ್ಲಿ ಹ್ಯಾನೆ ಮತ್ತು ಹೋಗಾರ್ತ್ ಇಂಥದ್ದರಲ್ಲಿ ಲವಣಗಳನ್ನು ಕರಗಿಸಿ, ಒತ್ತಡ ಇಳಿಸಿ ನೋಡಿದರು. ಕರಗಿದ್ದೆಲ್ಲ ಹಿಮದ ಹಾಗೆ ಉದುರಿತು. ಔಷಧವನ್ನು ನುಣ್ಣನೆ ಪುಡಿ ಮಾಡೋಕೆ ಬೇಕಾದ ಉಪಾಯ ಅಲ್ಲೇ ಇತ್ತು. ಆದರೆ ಅದು ಬೇಕು ಅಂತ ಆಗ ಯಾರಿಗೂ ಅನಿಸಲಿಲ್ಲ. 1960ರ ದಶಕದಲ್ಲಿ ಜರ್ಮನಿಯ ಕರ್ಟ್ ಝೋಸೆಲ್ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್ ಬಳಸಿ ಕಾಫಿಬೀಜದ ಕೆಫೀನ್ ತೆಗೆದರು. ಔಷಧಕ್ಕಿಂತ ಮೊದಲು ಕಾಫಿಗೇ ಅದೃಷ್ಟ.

ಇನ್ನೊಂದು ಎಳೆ 1844ರದ್ದು. ಜರ್ಮನಿಯ ವೋಲರ್ ಕ್ವಿನ್‌ಹೈಡ್ರೋನ್ ಎಂಬ ಹರಳು ಮಾಡಿದರು. ಎರಡು ಬೇರೆ ಬೇರೆ ವಸ್ತು, ಹರಳು ಮಾತ್ರ ಒಂದೇ. ಅದೇ ಕೋಕ್ರಿಸ್ಟಲ್. ಅಣುಗಳು ಒಂದರ ಪಕ್ಕ ಒಂದು ಹೈಡ್ರೋಜನ್ ಬಂಧದಂಥ ಸಡಿಲ ಹಿಡಿತದಲ್ಲಿ ಕೂತಿರುತ್ತವೆ. ಔಷಧದ ಅಣು ಬದಲಾಗುವುದಿಲ್ಲ, ಅದರ ನೆರೆಹೊರೆ ಬದಲಾಗುತ್ತದೆ. ಅಷ್ಟಕ್ಕೇ ನೀರಲ್ಲಿ ಕರಗುವ ರೀತಿ ಬೇರೆಯಾಗಬಹುದು.

ಹರಳಿನ ಜೋಡಣೆ ಎಷ್ಟು ದೊಡ್ಡ ವಿಷಯ ಅಂತ ಔಷಧ ಕಂಪನಿಗಳಿಗೆ ಮನವರಿಕೆಯಾಗಿದ್ದು 1998ರಲ್ಲಿ. ಎಚ್‌ಐವಿ ಔಷಧ ರಿಟೊನವಿರ್, ಕರಗುವುದು ಕಡಿಮೆಯಾದ ಇನ್ನೊಂದು ಹರಳು ರೂಪ ತಾಳಿತು. ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು. ಅದು ಕೋಕ್ರಿಸ್ಟಲ್ ಕಥೆಯಲ್ಲ, ನಿಜ. ಆದರೆ ಯಾವ ಅಣು ಯಾರ ಪಕ್ಕ ಕೂರುತ್ತದೆ ಅಂತ ಮೊದಲೇ ಲೆಕ್ಕ ಹಾಕುವ ವಿದ್ಯೆಗೆ ಬೆಲೆ ಬಂತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಸೇರಿದ ರಸಾಯನ ವಿಜ್ಞಾನಿ ಗೌತಮ್ ದೇಸಿರಾಜು 1980ರ ದಶಕದಿಂದಲೇ ಇದರ ಹಿಂದೆ ಬಿದ್ದಿದ್ದರು. ಕ್ರಿಸ್ಟಲ್ ಎಂಜಿನಿಯರಿಂಗ್ ಅಂದರೆ ಇದೇ.

ಎರಡು ಎಳೆ ಚೆನ್ನಾಗಿ ಕೂಡಿದ್ದು 2009ರಲ್ಲಿ. ನೋವು, ಊತಕ್ಕೆ ಕೊಡುವ ಇಂಡೊಮೆಥಾಸಿನ್ ನೀರಿಗೆ ಅಷ್ಟಾಗಿ ಕರಗದ ಔಷಧ. ಲಿಸ್ಬನ್‌ನ ಪಡ್ರೇಲಾ ಮತ್ತು ಸಂಗಡಿಗರು ಅದಕ್ಕೆ ಜೋಡಿ ಮಾಡಿದ್ದು ಸ್ಯಾಕರಿನ್ ಅನ್ನು. ಹೌದು, ಸಕ್ಕರೆ ಬದಲು ಹಾಕುವ ಅದೇ ಸ್ಯಾಕರಿನ್! ಕಾರ್ಬನ್ ಡೈಆಕ್ಸೈಡ್ ಬಳಸಿ ಎರಡರ ಕೋಕ್ರಿಸ್ಟಲ್ ತೆಗೆದರು.

ಇಲ್ಲಿ ಕಾರ್ಬನ್ ಡೈಆಕ್ಸೈಡೇ ಯಾಕೆ? 31 ಡಿಗ್ರಿ ಬಿಸಿ, ಸುಮಾರು 74 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎಪ್ಪತ್ತಕ್ಕೂ ಹೆಚ್ಚು ಪಟ್ಟು) ಒತ್ತಡ ದಾಟಿದರೆ ಸಾಕು, ಸೂಪರ್‌ಕ್ರಿಟಿಕಲ್ ಆಗುತ್ತದೆ. ಔಷಧ ಸುಡುವ ಭಯವಿಲ್ಲ. ಆದರೆ ಬಹಳಷ್ಟು ಔಷಧಗಳು ಅದರಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಹಾಗಾಗಿ ಆಟ ತಿರುಗಿಸುತ್ತಾರೆ. ಔಷಧ ಮತ್ತು ಜೋಡಿಯನ್ನು ಎಥನಾಲ್‌ನಂಥ ದ್ರಾವಕದಲ್ಲಿ ಕರಗಿಸಿ, ಮೇಲೆ ಕಾರ್ಬನ್ ಡೈಆಕ್ಸೈಡ್ ನುಗ್ಗಿಸುತ್ತಾರೆ. ಅದು ದ್ರಾವಕವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಸರೆ ತಪ್ಪಿದ ಅಣುಗಳು ಜೊತೆಯಾಗಿ ನುಣ್ಣಗೆ ಹರಳುಗಟ್ಟುತ್ತವೆ. ಒತ್ತಡ ಬಿಟ್ಟರೆ ಗ್ಯಾಸ್ ಹೋಗುತ್ತದೆ, ಪುಡಿ ಉಳಿಯುತ್ತದೆ.

ಕೇಳೋಕೆ ಸಲೀಸು, ಅಲ್ವಾ? ಜೋಡಿಯಲ್ಲಿ ಒಂದು ಮಾತ್ರ ಕಾರ್ಬನ್ ಡೈಆಕ್ಸೈಡಿನಲ್ಲಿ ಜಾಸ್ತಿ ಕರಗಿದರೆ ಅದು ಗ್ಯಾಸಿನ ಜೊತೆ ಸುಮ್ನೆ ಹೊರಟುಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ಯಾವ ಘನವಸ್ತು ಅದರಲ್ಲಿ ಎಷ್ಟು ಕರಗುತ್ತದೆ, ಎರಡು ಒಟ್ಟಿಗಿದ್ದರೆ ಎಷ್ಟು ಅಂತ ಮೊದಲೇ ಗೊತ್ತಿರಬೇಕು. ಐಐಎಸ್‌ಸಿಯಲ್ಲಿ ಗಿರಿಧರ್ ಮದ್ರಾಸ್ ಅವರ ತಂಡ ವರ್ಷಗಟ್ಟಲೆ ಅಳೆದದ್ದು ಇಂಥವನ್ನೇ, ಒಂದೊಂದು ಬಿಸಿಗೆ, ಒಂದೊಂದು ಒತ್ತಡಕ್ಕೆ.