ಗಿಡುಗ ಎಣಿಸುವವರ ಖಾಲಿ ಹಾಳೆ

ಹಸ್ತಾ ಮಳೆ ಕಳೆದು ಚಿತ್ತಾ ಮಳೆ ಕಾಲಿಡುವ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ, ಉತ್ತರದಿಂದ ಹೊರಟ ಬೇಟೆಹಕ್ಕಿಗಳು ಮಲೆನಾಡಿನ ಆಕಾಶದಲ್ಲಿ ಕಾಣಿಸತೊಡಗುತ್ತವೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹ್ಯಾರಿಯರ್‌ಗಳು, ಅಂದರೆ ನಮ್ಮ ಪಕ್ಷಿಪುಸ್ತಕಗಳು ಸೆಳೆವ ಎಂದು ಕರೆಯುವ ಹಕ್ಕಿಗಳು, ಅವುಗಳ ಹಿಂದೆ ಮುಂದೆ ಕೆಸ್ಟ್ರೆಲ್ ಚಾಣಗಳು ಮತ್ತು ಬೂಟೆಡ್ ಗಿಡುಗಗಳು ಬರುತ್ತವೆ. ವನ್ಯಜೀವಿ ಗಣತಿಯೇ ವೃತ್ತಿಯಾದ ನಾನು ಈ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಒಂದು ಗುಡ್ಡದ ಹಾಸುಬಂಡೆಯ ಮೇಲೆ ಸ್ವಯಂಸೇವಕರೊಂದಿಗೆ ಈ ವಲಸೆ ಹಕ್ಕಿಗಳನ್ನು ಎಣಿಸುತ್ತಾ ಕುಳಿತಿರುತ್ತೇನೆ. ಹೊಸದಾಗಿ ಸೇರುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ, ಆ ಬಂಡೆಯ ಮೇಲೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿರೀಕ್ಷೆಯ ಮಾತು. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಒಂದೇ ಶರತ್ಕಾಲದಲ್ಲಿ 40 ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಹಾದುಹೋಗುತ್ತವೆ. ಅಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಪರ್ವತ ಇರುವುದರಿಂದ ಹಕ್ಕಿಗಳಿಗೆ ಕಿರಿದಾದ ದಾರಿಯೇ ಗತಿ. ಆ ವಿಡಿಯೋಗಳನ್ನು ನೋಡಿ ನಮ್ಮ ಗುಡ್ಡ ಹತ್ತುವವರಿಗೆ ನಿರಾಸೆ ತಪ್ಪಿದ್ದಲ್ಲ. ನಮ್ಮಲ್ಲಿ ಹಕ್ಕಿಗಳು ಹರಡಿಕೊಂಡು ಸಾಗುತ್ತವೆ. ಒಂದು ಬೆಳಗಿಗೆ ನಾಲ್ಕು ಹಕ್ಕಿ ಸಿಕ್ಕರೆ ಅದು ಕೆಟ್ಟ ದಿನವೇನೂ ಅಲ್ಲ.

ಐದು ಗಂಟೆಗೆ ಎದ್ದು ಓಡಿ ಬರಬೇಕಾಗಿಯೂ ಇಲ್ಲ. ಅಗಲ ರೆಕ್ಕೆಯ ಗಿಡುಗಗಳು ರೆಕ್ಕೆ ಬಡಿದು ಶಕ್ತಿ ಕಳೆದುಕೊಳ್ಳುವ ಬದಲು ನೆಲದಿಂದೇಳುವ ಬಿಸಿಗಾಳಿಯನ್ನು ಕಾಯುತ್ತವೆ. ಕಣಿವೆಯ ಮಂಜು ಕರಗಿ ಬಂಡೆಗೆ ಬಿಸಿಲು ತಾಗಿ, ಕುಳಿತವರಿಗೆ ಅದರ ಕಾವು ತಿಳಿಯತೊಡಗಿದ ಮೇಲೆಯೇ ಅವು ಎದುರು ಗುಡ್ಡದ ನೆತ್ತಿಯ ಮೇಲೆ ಸುತ್ತುತ್ತಾ ಏರುತ್ತವೆ. ಸುತ್ತುವಾಗ ಎಣಿಸಲು ಹೋಗಬೇಡಿ. ಒಂದರ ಮರೆಗೆ ಇನ್ನೊಂದು ಸೇರಿ, ಎಣಿಸಿದ್ದೇ ಮತ್ತೆ ಎದುರಾಗುತ್ತದೆ. ಸುತ್ತಿನ ತುದಿಗೆ ತಲುಪಿದ ಹಕ್ಕಿ ರೆಕ್ಕೆಯನ್ನು ಕೊಂಚ ಹಿಂದಕ್ಕೆ ಮಡಚಿ ದಕ್ಷಿಣಕ್ಕೆ ಜಾರುವ ಒಂದು ಗಳಿಗೆ ಇದೆ. ಆಗ ಅವು ಸಾಲುಗಟ್ಟಿ ಒಂದೊಂದಾಗಿ ಹೊರಬೀಳುತ್ತವೆ. ಕೈಯಲ್ಲಿರುವ ಕೌಂಟರಿನ ಗುಂಡಿಯನ್ನು ಒತ್ತಬೇಕಾದದ್ದು ಆಗ, ಅದೂ ಕಣ್ಣನ್ನು ದುರ್ಬೀನಿನಿಂದ ತೆಗೆಯದೆ. ಹ್ಯಾರಿಯರ್ ಮತ್ತು ಚಾಣಗಳು ಮಾತ್ರ ಬಿಸಿಗಾಳಿಗೆ ಅಷ್ಟಾಗಿ ಕಾಯದೆ ರೆಕ್ಕೆ ಬಡಿಯುತ್ತಲೇ ಸಾಗುತ್ತವೆ. ಅವಕ್ಕಾಗಿ ಒಬ್ಬರು ಬೆಳಗ್ಗೆಯೇ ಬಂಡೆಯ ಮೇಲಿದ್ದರೆ ಒಳ್ಳೆಯದು.

ಯಾವುದನ್ನು ಎಣಿಸಬಾರದು ಎಂಬುದು ಕಲಿಯಲು ಹೆಚ್ಚು ಕಷ್ಟ. ಕೂಗುತ್ತಾ ಸುತ್ತುವ ಹಾವುಗಿಡುಗ, ಕಾಡಿನ ನೆತ್ತಿಯನ್ನು ಸವರುವಂತೆ ನಿಧಾನವಾಗಿ ತೇಲುವ ಕಪ್ಪು ಗಿಡುಗ, ತೋಟದ ಅಂಚಿನ ಬಿಜ್ಜು, ಕೆರೆಯ ಮೇಲಿನ ಗರುಡ, ಇವೆಲ್ಲ ಇಲ್ಲಿಯೇ ಸಂಸಾರ ಹೂಡಿದ ಹಕ್ಕಿಗಳು. ನಾನು ಈ ಕೆಲಸಕ್ಕಿಳಿದ ಮೊದಲ ವರ್ಷ ದಕ್ಷಿಣಕ್ಕೆ ಸಾಗುತ್ತಿದ್ದ 23 ಹದ್ದುಗಳನ್ನು ಬಹಳ ಹೆಮ್ಮೆಯಿಂದ ವಲಸೆಯ ಕಾಲಮ್ಮಿಗೆ ಬರೆದಿದ್ದೆ. ಸಂಜೆ ಐದಕ್ಕೆ ಅವೇ ಹದ್ದುಗಳು ಅದೇ ದಾರಿಯಲ್ಲಿ ಉತ್ತರಕ್ಕೆ ಮರಳಿದವು. ಹಗಲೆಲ್ಲ ಅವು ಪೇಟೆಯಾಚೆಯ ಕಸದ ರಾಶಿಯ ಮೇಲಿದ್ದವಂತೆ. ಅಂದಿನಿಂದ ಹಕ್ಕಿ ಯಾವ ದಿಕ್ಕಿಗೆ ಹೋಯಿತು ಎಂಬುದರ ಜೊತೆಗೆ ಕಣ್ಮರೆಯಾಗುವವರೆಗೂ ಹೋಯಿತೇ ಎಂಬ ಕಾಲಮ್ಮನ್ನೂ ಸೇರಿಸಿದ್ದೇನೆ.

ಕಾಲಮ್ಮುಗಳ ವಿಷಯದಲ್ಲಿ ನಾನು ಹಟವಾದಿ ಎಂಬ ಹೆಸರಿದೆ, ಅದಕ್ಕೆ ಕಾರಣವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಎಂಬ ಬೆಟ್ಟವಿದೆ. ವಲಸೆ ಗಿಡುಗಗಳನ್ನು ಮೋಜಿಗಾಗಿ ಕೊಲ್ಲುವ ಬಂದೂಕುಗಾರರ ತಾಣವಾಗಿದ್ದ ಅದನ್ನು ರೋಸಾಲಿ ಎಡ್ಜ್ ಎಂಬ ಮಹಿಳೆ 1934ರಲ್ಲಿ ಗೇಣಿಗೆ ಪಡೆದು, ಮಾರಿಸ್ ಬ್ರೌನ್ ಅವರನ್ನು ಕಾವಲಿಗೆ ನೇಮಿಸಿದರು. ಬ್ರೌನ್ ಕಾಯುವುದರ ಜೊತೆಗೆ ಎಣಿಸಿದರು. ಬೋಳುತಲೆ ಗಿಡುಗ, ಅಂದರೆ ಬಾಲ್ಡ್ ಈಗಲ್, ಕಂಡಾಗ ಅದು ಬಿಳಿತಲೆಯ ಪ್ರೌಢ ಹಕ್ಕಿಯೇ, ಕಂದು ಬಣ್ಣದ ಎಳೆಯ ಹಕ್ಕಿಯೇ ಎಂಬುದನ್ನೂ ಬರೆದಿಟ್ಟರು. 1935ರಿಂದ 1939ರವರೆಗಿನ ಲೆಕ್ಕದಲ್ಲಿ ಎಳೆಯವು ಶೇ. 40 ಇದ್ದವು. 1955ರಿಂದ 1959ರ ನಡುವೆ ಅದು ಶೇ. 20ಕ್ಕೆ ಇಳಿಯಿತು, 1957ರಲ್ಲಂತೂ 32 ಪ್ರೌಢ ಹಕ್ಕಿಗೆ ಒಂದೇ ಒಂದು ಎಳೆಯ ಹಕ್ಕಿ ಕಂಡಿತು. ದೊಡ್ಡವು ಹಾರುತ್ತಲೇ ಇದ್ದವು, ಗೂಡುಗಳಲ್ಲಿ ಮರಿ ಏಳುತ್ತಿರಲಿಲ್ಲ. ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಡಿಡಿಟಿಯಂಥ ಕೀಟನಾಶಕಗಳ ವಿರುದ್ಧ ವಾದ ಕಟ್ಟುವಾಗ ಈ ಅಂಕಿಗಳನ್ನೂ ಮುಂದಿಟ್ಟರು. ಒಟ್ಟು ಸಂಖ್ಯೆಯನ್ನಷ್ಟೇ ಬರೆದಿದ್ದರೆ ಈ ಸಂಗತಿ ಬೆಳಕಿಗೆ ಬರಲು ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ.

ನಮ್ಮ ಹಾಳೆಯಲ್ಲಿ ಗಂಟೆಗೊಮ್ಮೆ ಗಾಳಿಯ ದಿಕ್ಕು, ಮೋಡ, ಎಷ್ಟು ದೂರದವರೆಗೆ ಕಾಣುತ್ತಿದೆ, ಎಷ್ಟು ಜನ ನೋಡುತ್ತಿದ್ದಾರೆ ಎಂಬುದನ್ನು ತುಂಬಬೇಕು. ‘ಜಾತಿ ತಿಳಿಯದು’ ಎಂಬ ಕಾಲಮ್ಮು ಸಾಮಾನ್ಯವಾಗಿ ಖಾಲಿ ಬರುತ್ತದೆ, ನನಗೆ ಅನುಮಾನ ಹುಟ್ಟುವುದೇ ಅಲ್ಲಿ. ಮಾಂಟೆಗ್ಯೂ ಹ್ಯಾರಿಯರ್‌ನ ಗಂಡಿಗೆ ರೆಕ್ಕೆಯ ಮೇಲೆ ಕಪ್ಪು ಪಟ್ಟಿಯಿದೆ, ಪ್ಯಾಲಿಡ್ ಹ್ಯಾರಿಯರ್‌ನ ಗಂಡು ಹೆಚ್ಚು ಬಿಳಿ. ಅವೆರಡನ್ನು ಬೇರೆ ಮಾಡಬಹುದು. ಆದರೆ ಎರಡು ಜಾತಿಯ ಹೆಣ್ಣುಗಳೂ ಕಂದು, ಎರಡಕ್ಕೂ ಬಾಲದ ಬುಡ ಬಿಳಿ. ಅರ್ಧ ಕಿಲೋಮೀಟರ್ ಆಚೆಯ ಹೆಣ್ಣನ್ನು ಖಚಿತವಾಗಿ ಹೆಸರಿಸಿದ ಹಾಳೆಗಿಂತ ‘ಹ್ಯಾರಿಯರ್, ಹೆಣ್ಣು ಅಥವಾ ಎಳೆಯದು’ ಎಂದು ಬರೆದ ಹಾಳೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ಸೊನ್ನೆ. ಕಳೆದ ವರ್ಷ ಅಡಿಕೆ ತೋಟದ ಕೆಲಸ ಬಿಟ್ಟು ಬಂದು ಐದು ಗಂಟೆ ಕುಳಿತಿದ್ದ ಯುವಕರೊಬ್ಬರು, “ಸರ್, ಇವತ್ತಿಂದು ಬರೀ ಸೊನ್ನೆ, ಹಾಳೆ ಹರಿದು ಹಾಕ್ಲಾ?” ಎಂದು ಕೇಳಿದರು. ನಾನು ಆ ಹಾಳೆಯನ್ನೇ ಮೊದಲು ಚೀಲಕ್ಕೆ ಸೇರಿಸಿದೆ. ಹಕ್ಕಿ ಕಂಡ ದಿನಗಳನ್ನಷ್ಟೇ ಉಳಿಸಿಕೊಂಡರೆ ಪ್ರತಿ ವರ್ಷವೂ ಸಮೃದ್ಧಿಯ ವರ್ಷವೇ ಆಗಿಬಿಡುತ್ತದೆ. ಎಷ್ಟು ಗಂಟೆ ನೋಡಿದ್ದಕ್ಕೆ ಎಷ್ಟು ಕಂಡಿತು ಎಂಬ ಭಾಗಾಕಾರಕ್ಕೆ ಖಾಲಿ ಗಂಟೆಗಳೂ ಬೇಕು. ಹಾಗೆಂದು ನಮ್ಮ ಸೊನ್ನೆಯಿಂದ ಹಕ್ಕಿಯೇ ಬಂದಿಲ್ಲ ಎನ್ನುವಂತಿಲ್ಲ. ಒಂದು ಪಾವು ಅಕ್ಕಿಯಷ್ಟೂ ತೂಗದ ಅಮೂರ್ ಫಾಲ್ಕನ್‌ಗಳಿಗೆ 2013ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಉಪಗ್ರಹ ಟ್ಯಾಗ್ ಕಟ್ಟಿದಾಗ, ಅವು ಭಾರತದ ಪರ್ಯಾಯ ದ್ವೀಪವನ್ನೂ ಅರಬ್ಬಿ ಸಮುದ್ರವನ್ನೂ ದಾಟಿ ಆಫ್ರಿಕಾ ಸೇರಿದ್ದು ತಿಳಿಯಿತು. ರಾತ್ರಿಯೂ ಎಡೆಬಿಡದೆ ಹಾರುವ ಅಂಥ ಹಕ್ಕಿಯನ್ನು ನೆಲದ ಮೇಲೆ ಕುಳಿತು ಹಗಲಲ್ಲಿ ಎಣಿಸುವವರು ಎಷ್ಟೆಂದು ಹಿಡಿದಾರು?

ಸೇರಬಯಸುವವರಿಗೆ ಅನುಭವ ಬೇಕಿಲ್ಲ, ದುರ್ಬೀನು ನಮ್ಮಲ್ಲಿದೆ. ಟೊಪ್ಪಿ, ನೀರು, ಬುತ್ತಿ ತನ್ನಿ. ಮಧ್ಯಾಹ್ನದ ಗುಡುಗು ಕೇಳಿದೊಡನೆ ಬಂಡೆಯಿಂದ ಇಳಿಯಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಇಳಿಯುವ ಕಾಲುದಾರಿಯಲ್ಲಿ ಉಂಬಳ ಇನ್ನೂ ಇರುತ್ತವೆ. ಒಂದೇ ವಾರ ಏಳೂ ದಿನ ಬಂದು ಕಾಣೆಯಾಗುವವರಿಗಿಂತ ಚಿತ್ತಾ ಮಳೆಯಿಂದ ವಿಶಾಖ ಮುಗಿಯುವವರೆಗೆ ವಾರಕ್ಕೊಂದು ದಿನ, ಅದೇ ದಿನ, ಒಂಬತ್ತರಿಂದ ಎರಡರವರೆಗೆ ಕೂರುವವರು ನನಗೆ ಬೇಕು. ಅಡಿಕೆಯ ಕೊನೆಕೊಯ್ಲು ಶುರುವಾದ ಮನೆಯವರು ಮೊದಲೇ ತಿಳಿಸಿದರೆ ಬದಲಿಗೆ ಒಬ್ಬರನ್ನು ಕೂರಿಸುತ್ತೇವೆ. ಯಾರೂ ಸಿಗದಿದ್ದರೆ ಆ ದಿನದ ಹಾಳೆಯಲ್ಲಿ ಸೊನ್ನೆ ಬರೆಯುವುದಿಲ್ಲ, ‘ಎಣಿಸಿಲ್ಲ’ ಎಂದು ಬರೆಯುತ್ತೇವೆ.