ಮನೆಯೊಳಗಿನ ಓಟಕ್ಕೆ ಗಾಳಿ ಬೇಕು

"ಟ್ರೆಡ್‌ಮಿಲ್ ಮೇಲೆ ಓಡೋದು ಓಟಾನೇ ಅಲ್ಲ. ಬೆಲ್ಟ್ ತಾನಾಗೇ ಹಿಂದಕ್ಕೆ ಹೋಗುತ್ತೆ, ನಾವು ಸುಮ್ನೆ ಕಾಲೆತ್ತಿ ಇಟ್ಟರೆ ಆಯ್ತು." ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಓಡುವವರ ಬಾಯಲ್ಲಿ ಈ ಮಾತು ಆಗಾಗ ಕೇಳಿಸುತ್ತದೆ. ಮನೆಯಲ್ಲಿ ಮಷೀನ್ ಇಟ್ಟುಕೊಂಡವರೂ ಇದನ್ನೇ ನಂಬಿ, ತಮ್ಮದು ಅರ್ಧ ಓಟ ಅಂದುಕೊಂಡಿರುತ್ತಾರೆ. ಪಾಪ, ಹಾಗೇನೂ ಇಲ್ಲ. ಅವರು ಓಡಿದ್ದು ಪೂರ್ತಿ ಓಟವೇ.

ಮೈಸೂರಿನಿಂದ ಬೆಂಗಳೂರಿಗೆ ಹೊರಟ ರೈಲು ಒಂದೇ ವೇಗದಲ್ಲಿ ಸಾಗುತ್ತಿದೆ ಅಂದುಕೊಳ್ಳಿ. ಬೋಗಿಯೊಳಗೆ ಎಂಜಿನ್ ಕಡೆ ನಡೆದರೂ ಅಷ್ಟೇ, ಹಿಂದಕ್ಕೆ ನಡೆದರೂ ಅಷ್ಟೇ, ಕಾಲಿಗೆ ಒಂದೇ ಶ್ರಮ. ವೇಗ ಬದಲಾಗದ ತನಕ ರೈಲು ನಿಮ್ಮನ್ನು ದೂಡುವುದೂ ಇಲ್ಲ, ತಡೆಯುವುದೂ ಇಲ್ಲ. ಬೆಲ್ಟಿನದೂ ಇದೇ ಕತೆ. ಪ್ರತಿ ಹೆಜ್ಜೆಗೂ ಮೈಭಾರವನ್ನು ಮೇಲಕ್ಕೆ ಚಿಮ್ಮಿಸಬೇಕು, ಕಾಲನ್ನು ಮುಂದಕ್ಕೆ ಬೀಸಬೇಕು. ಅದನ್ನೆಲ್ಲ ಮೋಟರ್ ಮಾಡಿಕೊಡುವುದಿಲ್ಲ. ಓಡುವಾಗ ಕರೆಂಟ್ ಹೋಗಿ ಬೆಲ್ಟ್ ಗಕ್ಕನೆ ನಿಂತರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಅಲ್ವಾ? ಬೆಲ್ಟಿನ ಲೆಕ್ಕದಲ್ಲಿ ನೀವು ನಿಜವಾಗಿಯೂ ಮುಂದಕ್ಕೆ ಓಡುತ್ತಿದ್ದಿರಿ.

ಹಾಗಾದರೆ ರಸ್ತೆಗೂ ಮಷೀನಿಗೂ ವ್ಯತ್ಯಾಸವೇ ಇಲ್ಲವೇ? ಇದೆ. ಗಾಳಿ. ರಸ್ತೆಯಲ್ಲಿ ಓಡುವವರು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಅದಕ್ಕೊಂದಿಷ್ಟು ಶಕ್ತಿ ಖರ್ಚಾಗುತ್ತದೆ. 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಇಬ್ಬರು ಸಂಶೋಧಕರು ಇದನ್ನು ಅಳೆದು, ಟ್ರೆಡ್‌ಮಿಲ್‌ಗೆ 1 ಪರ್ಸೆಂಟ್ ಏರು (100 ಮೀಟರಿಗೆ 1 ಮೀಟರ್ ಎತ್ತರ) ಕೊಟ್ಟರೆ ಲೆಕ್ಕ ಸರಿಹೋಗುತ್ತದೆ ಎಂದು ತೋರಿಸಿದರು. "ಯಾವಾಗಲೂ ಒಂದರಲ್ಲಿ ಇಟ್ಟೇ ಓಡಿ" ಅನ್ನುವ ಸಲಹೆಗೆ ಇದೇ ಮೂಲ. ಆದರೆ ಅವರ ಓಟಗಾರರು ಗಂಟೆಗೆ ಸುಮಾರು 10.5ರಿಂದ 18 ಕಿಲೋಮೀಟರ್ ವೇಗದವರು. ಗಂಟೆಗೆ 7–8 ಕಿಲೋಮೀಟರ್ ಓಡುವವರಿಗೆ ಗಾಳಿಯ ತಡೆ ತೀರಾ ಕಡಿಮೆ. ಅವರು ಈ 1 ಪರ್ಸೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗಾಳಿ ಇಲ್ಲದಿರುವುದರಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕೆಜಿಗೆ ಸುಮಾರು 1 ಕಿಲೋಕ್ಯಾಲೊರಿ ಬೇಕು. 60 ಕೆಜಿಯವರು ಗಂಟೆಗೆ 8 ಕಿಲೋಮೀಟರ್‌ನಂತೆ ಓಡಿದರೆ ಗಂಟೆಗೆ 480 ಕಿಲೋಕ್ಯಾಲೊರಿ. ಇದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಶಾಖವಾಗಿ ಮೈಯೊಳಗೇ ಹುಟ್ಟುತ್ತದೆ. ಅದು ಹೊರಗೆ ಹೋಗಲೇಬೇಕು. ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾದರೆ ಮಾತ್ರ. ಗಲ್ಲದಿಂದ ತೊಟ್ಟಿಕ್ಕಿ ಬೆಲ್ಟಿನ ಮೇಲೆ ಬಿದ್ದ ಬೆವರಿನಿಂದ ಮೈಯಲ್ಲಿರುವ ನೀರು ಖಾಲಿಯಾಗುತ್ತದೆ, ಮೈ ಮಾತ್ರ ತಣ್ಣಗಾಗುವುದಿಲ್ಲ. "ಇವತ್ತು ನೆಲವೆಲ್ಲ ಒದ್ದೆ, ಒಳ್ಳೇ ವರ್ಕೌಟ್" ಎಂದು ಖುಷಿಪಡುವವರಿಗೆ ಇದನ್ನು ಕೂರಿಸಿ ಹೇಳಬೇಕು ಅನ್ನಿಸುತ್ತದೆ.

ರಸ್ತೆಯಲ್ಲಾದರೆ ಗಂಟೆಗೆ 8 ಕಿಲೋಮೀಟರ್ ವೇಗದ ಗಾಳಿ ಪುಕ್ಕಟೆ ಮೈಗೆ ತಾಗುತ್ತಿರುತ್ತದೆ. ರೂಮಿನಲ್ಲಿ ನೀವು ನಿಂತಲ್ಲೇ ಇದ್ದೀರಿ. ಮೈ ಸುತ್ತ ಬಿಸಿಯಾದ, ತೇವದ ಗಾಳಿಯ ಪದರವೊಂದು ಹಾಗೇ ಉಳಿದುಬಿಡುತ್ತದೆ. ಮಳೆಗಾಲದಲ್ಲಿ ಒಳಗೇ ಬಟ್ಟೆ ಒಣಹಾಕಿ, ಕಿಟಕಿ ಮುಚ್ಚಿ, ಅದೇ ರೂಮಿನಲ್ಲಿ ಓಡುವವರ ಪಾಡನ್ನು ನೀವೇ ಊಹಿಸಿಕೊಳ್ಳಿ. ಆಗ ದೇಹ ಏನು ಮಾಡುತ್ತದೆ? ಚರ್ಮದ ಕಡೆಗೆ ಜಾಸ್ತಿ ರಕ್ತ ಕಳಿಸುತ್ತದೆ. ಬೆವರಿನಿಂದ ರಕ್ತದ ನೀರಿನಂಶವೂ ಕಡಿಮೆಯಾಗುತ್ತಾ ಬರುತ್ತದೆ. ಹೃದಯಕ್ಕೆ ಮರಳಿ ಬರುವ ರಕ್ತ ಇಳಿದಾಗ, ಒಂದೊಂದು ಬಡಿತಕ್ಕೆ ಹೊರಗೆ ಹೋಗುವ ರಕ್ತವೂ ಇಳಿಯುತ್ತದೆ. ಅದನ್ನು ಸರಿದೂಗಿಸಲು ಬಡಿತ ಏರುತ್ತದೆ. ವೇಗ ಅದೇ, ಏರು ಅದೇ, ಆದರೂ ಹತ್ತನೇ ನಿಮಿಷಕ್ಕೆ 140 ಇದ್ದ ಬಡಿತ ಐವತ್ತನೇ ನಿಮಿಷಕ್ಕೆ 155 ಆಗಿರಬಹುದು. "ನನಗೆ ಸ್ಟ್ಯಾಮಿನಾ ಇಲ್ಲ" ಎಂದು ಎಷ್ಟೋ ಜನ ಇಲ್ಲೇ ಕೈಚೆಲ್ಲುತ್ತಾರೆ. ಅವರಿಗೆ ಬೇಕಾಗಿದ್ದದ್ದು ಎದುರಿಗೊಂದು ಫ್ಯಾನ್.

ಎದುರಿಗೆ ಅಂದರೆ ನಿಜವಾಗಿ ಎದುರಿಗೆ. ಸ್ಟ್ಯಾಂಡ್ ಫ್ಯಾನನ್ನು ಎದೆಮಟ್ಟಕ್ಕೆ ಎತ್ತಿ, ಆಚೀಚೆ ತಿರುಗದಂತೆ ನಿಲ್ಲಿಸಿ, ಗಾಳಿ ಎದೆಗೂ ಮುಖಕ್ಕೂ ತಾಗಬೇಕು. ಸೀಲಿಂಗ್ ಫ್ಯಾನ್ ಒಂದೇ ಸಾಲದು. ಕಿಟಕಿಯೂ ತೆರೆದಿರಲಿ, ಇಲ್ಲದಿದ್ದರೆ ಅದೇ ತೇವದ ಗಾಳಿ ರೂಮಿನಲ್ಲೇ ಸುತ್ತುತ್ತಿರುತ್ತದೆ.

ಒಳಗೇ ಓಡಿ ದೂರ ಹೋದವರು ಇದ್ದಾರೆ. ಅಮೆರಿಕದ ಅಲಾಸ್ಕದಲ್ಲಿ ಚಳಿಗಾಲವೆಂದರೆ ಹಿಮ, ಕತ್ತಲೆ. ಅಲ್ಲಿನ ಆಂಕರೇಜ್ ಊರಿನ ಕ್ರಿಸ್ಟೀನ್ ಕ್ಲಾರ್ಕ್ ವೃತ್ತಿಯಿಂದ ಪೆಥಾಲಜಿ ಡಾಕ್ಟರ್, ಎರಡು ಮಕ್ಕಳ ತಾಯಿ. ಬಹುಪಾಲು ತಯಾರಿಯನ್ನು ಟ್ರೆಡ್‌ಮಿಲ್ ಮೇಲೆ ಮಾಡಿ, 2000ದಲ್ಲಿ ಸೌತ್ ಕ್ಯಾರೊಲೈನಾದ ಸೆಕೆಯಲ್ಲಿ ನಡೆದ ಒಲಿಂಪಿಕ್ ಆಯ್ಕೆಯ ಮ್ಯಾರಥಾನನ್ನು 2 ಗಂಟೆ 33 ನಿಮಿಷ 31 ಸೆಕೆಂಡಿನಲ್ಲಿ ಗೆದ್ದರು. ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ಸುಮಾರು ಎರಡು ನಿಮಿಷ ಬೇಗ ಓಡಿ 19ನೆಯವರಾದರು. ಹಿಮದೂರಿನವರಿಗೆ ಸೆಕೆ ತಡೆಯುವ ಶಕ್ತಿ ಬಂದದ್ದರಲ್ಲಿ ಆ ಬೆಚ್ಚನೆಯ ರೂಮಿನ ಪಾಲೂ ಇದ್ದಿರಬಹುದು. ಹತ್ತು–ಹದಿನಾಲ್ಕು ದಿನ ಸೆಕೆಯಲ್ಲಿ ಓಡಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುವ ಮಂಡ್ಯದವರಿಗೆ ಇದು ಹೇಗೂ ಸಿಕ್ಕಿರುತ್ತದೆ. ಹಾಗಾಗಿ ನಮ್ಮ ಕಡೆಯವರು ಬೇಕೆಂದೇ ಫ್ಯಾನ್ ಆಫ್ ಮಾಡಿ ಓಡುವ ಸಾಹಸಕ್ಕೆ ಹೋಗುವುದು ಬೇಡ.

ದೂರದ ಓಟಕ್ಕೆ ಮೈ ಹೇಗೆ ಒಗ್ಗುತ್ತದೆ ಎಂಬುದು ಗೊತ್ತಾದದ್ದೂ ಟ್ರೆಡ್‌ಮಿಲ್ ಮೇಲೆಯೇ. 1967ರಲ್ಲಿ ಜಾನ್ ಹಾಲಾಸಿ ಎಂಬ ವಿಜ್ಞಾನಿ ಇಲಿಗಳನ್ನು ಪುಟ್ಟ ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳನ್ನು ಪರೀಕ್ಷಿಸಿದರು. ಜೀವಕೋಶದಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಈ ಬದಲಾವಣೆ ನಿಧಾನದ, ಉದ್ದದ ಓಟದಿಂದಲೂ ಬರುತ್ತದೆ. ಪೂರ್ತಿ ವಾಕ್ಯ ಮಾತಾಡಿಕೊಂಡು ಓಡುವಷ್ಟು ನಿಧಾನ. ಕೆರೆ ಏರಿಯ ಮೇಲೆ ಯಾರಾದರೂ ಹಿಂದಿಕ್ಕಿದರೆ ನಮ್ಮ ಕಾಲೂ ಜೋರಾಗುತ್ತದೆ. ಟ್ರೆಡ್‌ಮಿಲ್ 7 ಅಂದರೆ 7. ಈ ಶಿಸ್ತಿಗಾಗಿಯೇ ನನಗೆ ಈ ಮಷೀನ್ ಇಷ್ಟ.

ಆದರೆ ಆ 7 ನಿಜವಾಗಿಯೂ 7 ತಾನೇ? ಪರೀಕ್ಷಿಸುವುದು ಸುಲಭ. ಬೆಲ್ಟಿನ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಕೈಯಿಂದ ಬೆಲ್ಟ್ ಜರುಗಿಸುತ್ತಾ ಟೇಪಿನಲ್ಲಿ ಪೂರ್ತಿ ಸುತ್ತಳತೆ ತೆಗೆಯಿರಿ. 2.8 ಮೀಟರ್ ಬಂತು ಅನ್ನಿ, 50 ಸುತ್ತಿಗೆ 140 ಮೀಟರ್. ಗಂಟೆಗೆ 8 ಕಿಲೋಮೀಟರ್ ಎಂದು ತೋರಿಸುವಾಗ ಇದಕ್ಕೆ 63 ಸೆಕೆಂಡ್ ಹಿಡಿಯಬೇಕು. 70 ಹಿಡಿದರೆ ನಿಮ್ಮ ವೇಗ 7.2 ಮಾತ್ರ. ಒಬ್ಬರು ಓಡುತ್ತಿರುವಾಗ ಇನ್ನೊಬ್ಬರು ಎಣಿಸಬೇಕು. ಮೋಟರ್ ಸೋತಿದ್ದರೆ ಅಥವಾ ಬೆಲ್ಟಿಗೆ ಸಿಲಿಕೋನ್ ಎಣ್ಣೆ ಬಿಟ್ಟು ಬಹಳ ಕಾಲವಾಗಿದ್ದರೆ, ಭಾರ ಬಿದ್ದಾಗಲೇ ವೇಗ ಕುಸಿಯುವುದು.

ಬಿಪಿ, ಶುಗರ್ ಇರುವವರು, ನಲವತ್ತು ದಾಟಿ ಹೊಸದಾಗಿ ಶುರುಮಾಡುವವರು ಮೊದಲು ಡಾಕ್ಟರನ್ನು ಕಂಡು ಬರಬೇಕು. ಬೇಕೆನಿಸಿದರೆ ಅವರೇ ಟಿಎಂಟಿ ಎಂಬ ಹೃದಯದ ಪರೀಕ್ಷೆ ಬರೆದುಕೊಡುತ್ತಾರೆ. ಅದೂ ಟ್ರೆಡ್‌ಮಿಲ್ಲೇ. ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತಾ ಹೋಗುತ್ತವೆ.

ಏರನ್ನು ಈ ಮಷೀನ್ ಚೆನ್ನಾಗಿ ಕಲಿಸುತ್ತದೆ. ಚಾಮುಂಡಿ ಬೆಟ್ಟ ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರ. 10 ಪರ್ಸೆಂಟ್ ಏರಿನಲ್ಲಿ 3 ಕಿಲೋಮೀಟರ್ ಹೋದರೆ ಅಷ್ಟನ್ನೂ ಹತ್ತಿದ ಹಾಗೆ. ಇಳಿಯುವುದನ್ನು ಮಾತ್ರ ಬಹುತೇಕ ಮನೆ ಮಷೀನ್‌ಗಳು ಕಲಿಸಲಾರವು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅಭ್ಯಾಸವಿಲ್ಲದವರಿಗೆ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಮೆಟ್ಟಿಲಿಳಿದು ಬಂದ ಮಾರನೇ ದಿನ ಕಮೋಡಿನ ಮೇಲೆ ಕೂರಲೂ ಗೋಡೆ ಹಿಡಿಯಬೇಕಾಗುವುದು ಇದರಿಂದಲೇ. ಒಮ್ಮೆ ಹೀಗಾಗಿ ವಾಸಿಯಾದ ಸ್ನಾಯು ಮುಂದಿನ ಕೆಲವು ವಾರ ಅದೇ ಏಟನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಇಳಿಜಾರಿರುವ ಓಟಕ್ಕೆ ಹೆಸರು ಕೊಟ್ಟಿದ್ದರೆ, ಎರಡು ಮೂರು ವಾರ ಮುಂಚೆಯೇ ಒಂದು ಭಾನುವಾರ ಬೆಟ್ಟದ ರಸ್ತೆಯಲ್ಲಿ ನಿಧಾನವಾಗಿ ಓಡಿ ಇಳಿಯಿರಿ. ಆಮೇಲಿನ ಎರಡು ದಿನ ಮಷೀನಿಗೂ ರಜೆ ಕೊಡಿ.