ಗೋಸುಂಬೆಗಿಂತ ಮೊದಲು ಗೂಡು ಬರಲಿ

ಕಳೆದ ಮುಂಗಾರಿನಲ್ಲಿ ಯುವಕರೊಬ್ಬರು ಚಪ್ಪಲಿಯ ರಟ್ಟಿನ ಡಬ್ಬಿಯಲ್ಲಿ ಐದು ತಿಂಗಳ ಗೋಸುಂಬೆಯೊಂದನ್ನು ನನ್ನ ಚಿಕಿತ್ಸಾಲಯಕ್ಕೆ ತಂದಿದ್ದರು. “ಹುಳ ಕಂಡರೆ ನೋಡುತ್ತದೆ ಡಾಕ್ಟ್ರೇ, ಆದರೆ ಹಿಡಿಯುವುದಿಲ್ಲ” ಎಂಬುದು ಅವರ ದೂರು. ಕಡ್ಡಿಯೊಂದರ ಮೇಲೆ ಬಿಟ್ಟು ನೋಡಿದರೆ ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು. ಹುಳ ತೋರಿಸಿದಾಗ ಎರಡೂ ಕಣ್ಣುಗಳು ಅತ್ತ ತಿರುಗಿದವು, ಬಾಯಿಯೂ ತೆರೆಯಿತು. ಆದರೆ ಮೈಯುದ್ದಕ್ಕಿಂತ ದೂರ ಚಿಮ್ಮಬೇಕಾದ ನಾಲಿಗೆ ಅರ್ಧ ಬೆರಳಿನಷ್ಟು ಹೊರಬಂದು ಅಲ್ಲೇ ನಿಂತಿತು. ಕೆಳದವಡೆಯನ್ನು ಮೆಲ್ಲಗೆ ಒತ್ತಿದರೆ ರಬ್ಬರಿನಂತೆ ಬಗ್ಗುತ್ತಿತ್ತು. ಗೂಡು ಎಲ್ಲಿದೆ ಎಂದು ಕೇಳಿದೆ. “ಕಿಟಕಿಯ ಪಕ್ಕದಲ್ಲೇ ಸರ್, ದಿನವಿಡೀ ಬಿಸಿಲು ಬೀಳುತ್ತದೆ” ಎಂದರು. ಕಿಟಕಿಗೆ ಗಾಜಿತ್ತು.

ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ, ಬಿಸಿಲಿನ ಯುವಿ-ಬಿ ಎಂಬ ಅತಿನೇರಳೆ ಕಿರಣಗಳನ್ನು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಆ ಕಿರಣ ಚರ್ಮಕ್ಕೆ ತಾಗದಿದ್ದರೆ ಗೋಸುಂಬೆಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ. ಡಿ3 ಇಲ್ಲದಿದ್ದರೆ ತಿಂದ ಆಹಾರದ ಸುಣ್ಣಾಂಶ (ಕ್ಯಾಲ್ಸಿಯಂ) ರಕ್ತಕ್ಕೆ ಸೇರುವುದಿಲ್ಲ. ಆಗ ದೇಹವು ಮೂಳೆಯನ್ನೇ ಕರಗಿಸಿ ಸುಣ್ಣಾಂಶವನ್ನು ಹೊಂದಿಸಿಕೊಳ್ಳುತ್ತದೆ. ನನ್ನ ಬಳಿಗೆ ಬರುವ ಗೋಸುಂಬೆಗಳಲ್ಲಿ ಹೆಚ್ಚಿನವು ಹೊಟ್ಟೆಗಿಲ್ಲದೆ ಸೊರಗಿದವಲ್ಲ, ಬೆಳಕು ಮತ್ತು ನೀರು ಸರಿಯಿಲ್ಲದೆ ಸೊರಗಿದವು. ಆದ್ದರಿಂದ ಸಾಕಬೇಕೆಂದು ಬಯಸುವವರಿಗೆ ನಾನು ಹೇಳುವುದಿಷ್ಟೆ: ಪ್ರಾಣಿಯನ್ನು ತರುವ ಎರಡು ವಾರ ಮೊದಲೇ ಖಾಲಿ ಗೂಡನ್ನು ಸಜ್ಜುಗೊಳಿಸಿ ನಡೆಸಿ ನೋಡಿ.

ಯಾವ ಗೋಸುಂಬೆ ಎಂಬ ಪ್ರಶ್ನೆ ಅದಕ್ಕೂ ಮೊದಲಿನದು. ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಸಿಗುವ ಹಸಿರು ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ತಂದವರಿಗೆ ಅರಣ್ಯ ಇಲಾಖೆಯ ದಾರಿ ತೋರಿಸುವುದಷ್ಟೇ ನನ್ನಿಂದಾಗುವ ಕೆಲಸ. ಸಾಕುಪ್ರಾಣಿಯಾಗಿ ಜಗತ್ತಿನಲ್ಲಿ ಹೆಚ್ಚು ಪ್ರಚಲಿತವಾಗಿರುವವು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಕೆಮೀಲಿಯನ್ ಹಾಗೂ ಮಡಗಾಸ್ಕರಿನ ಪ್ಯಾಂಥರ್ ಕೆಮೀಲಿಯನ್. ಇವೆರಡೂ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಇಂತಹ ಪ್ರಾಣಿಯನ್ನು ಹೊಂದಿರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದಪತ್ರದ ಮಾತನ್ನು ತೇಲಿಸಿದರೆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಹೊಸಬರಿಗೆ ನನ್ನ ಸಲಹೆ ಗೂಡಿನಲ್ಲೇ ಹುಟ್ಟಿ ಬೆಳೆದ, ಮೂರು ತಿಂಗಳು ದಾಟಿದ ಗಂಡು ವೇಲ್ಡ್. ಹಿಂಗಾಲಿನ ಹಿಮ್ಮಡಿಯಲ್ಲಿ ಪುಟ್ಟ ಗುಬುಟು ಇದ್ದರೆ ಅದು ಗಂಡು, ಹುಟ್ಟಿದಾಗಿನಿಂದಲೇ ಅದು ಕಾಣುತ್ತದೆ.

ಬೆಳೆದ ಗಂಡಿಗೆ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಜಾಲರಿ ಗೂಡು ಬೇಕು. ನೆಲಕ್ಕೆ ಇಡದೆ ಎತ್ತರದ ಮೇಜಿನ ಮೇಲೆ ಇಡಬೇಕು, ಏಕೆಂದರೆ ಮೇಲಿನಿಂದ ಬಾಗಿ ನೋಡುವ ಮನುಷ್ಯ ಅದಕ್ಕೆ ಹದ್ದಿನಂತೆಯೇ ಕಾಣುತ್ತಾನೆ. ಗೂಡಿನ ಮೇಲೆ ಉದ್ದನೆಯ ಟಿ5 ಯುವಿ-ಬಿ ಟ್ಯೂಬ್ ಹಾಕಿ, ದಿನಕ್ಕೆ 12 ಗಂಟೆ ಉರಿಸಿ, ಅದು ಕೂರುವ ಕೊಂಬೆಯನ್ನು ಟ್ಯೂಬಿನಿಂದ ಸುಮಾರು ಒಂದಡಿ ಕೆಳಗೆ ಕಟ್ಟಬೇಕು. ಸುರುಳಿ ಬಲ್ಬು ಸಾಲದು. ಟ್ಯೂಬ್ ಬೆಳಗುತ್ತಿದ್ದರೂ ಅದರ ಯುವಿ-ಬಿ ಶಕ್ತಿ ಕುಂದುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಿಸಿಗೆ ಸಾಧಾರಣ ಬಲ್ಬೊಂದು ಸಾಕು: ಕೊಂಬೆಯ ಮೇಲೆ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇದ್ದರೆ ಹಿತ. ರಾತ್ರಿ ಎಲ್ಲ ದೀಪಗಳೂ ಆರಲಿ. ಬೆಂಗಳೂರಿನ ರಾತ್ರಿಯ ತಂಪು ಅದಕ್ಕೆ ಹೇಳಿ ಮಾಡಿಸಿದಂತಿದೆ.

ನೀರಿನ ವಿಷಯದಲ್ಲಿ ಬಟ್ಟಲನ್ನು ಮರೆತುಬಿಡಿ. ನಿಂತ ನೀರನ್ನು ಇದು ನೀರೆಂದೇ ಗುರುತಿಸುವುದು ಕಡಿಮೆ. ಎಲೆಯ ಮೇಲೆ ಹೊಳೆಯುವ ಹನಿಯನ್ನು ಮಾತ್ರ ನೆಕ್ಕುತ್ತದೆ. ಬೆಳಿಗ್ಗೆ ದೀಪ ಹೊತ್ತುವ ಮುನ್ನ ಮತ್ತು ರಾತ್ರಿ ಆರಿದ ಮೇಲೆ ಎರಡೆರಡು ನಿಮಿಷ ನೀರು ಸಿಂಪಡಿಸಿ, ಹಗಲಿನಲ್ಲಿ ತೊಟ್ಟಿಕ್ಕುವ ವ್ಯವಸ್ಥೆ ಮಾಡಿ, ನಡುವೆ ಗೂಡು ಒಣಗಲು ಬಿಡಬೇಕು; ಸದಾ ತೇವವಾಗಿದ್ದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಗಿಡವೆಂದರೆ ದಾಸವಾಳ ಉತ್ತಮ, ವೇಲ್ಡ್ ಅದರ ಎಲೆಯನ್ನೂ ಹೂವನ್ನೂ ಮೇಯುತ್ತದೆ. ನರ್ಸರಿಯಿಂದ ತಂದ ಗಿಡದ ಔಷಧಿಯ ಅಂಶ ಹೋಗುವಂತೆ ಎಲೆಗಳನ್ನು ತೊಳೆದು ಕೆಲವು ವಾರ ಹೊರಗಿಟ್ಟು ಬಳಸಿ. ನೀರು ಸಾಲುತ್ತಿದೆಯೇ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ: ಕಪ್ಪು ಭಾಗದ ಜೊತೆಗಿರುವ ಯೂರೇಟ್ (ಗಟ್ಟಿಯಾದ ಮೂತ್ರ) ಬಿಳಿಯಾಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಬಾಯಾರಿದೆ ಎಂದರ್ಥ.

ಆಹಾರವಾಗಿ ಸಾಕಿದ ಚಿಮ್ಮಂಡೆ ಮತ್ತು ಡೂಬಿಯಾ ಜಿರಳೆ ಕೊಡಬಹುದು. ಅಡುಗೆಮನೆಯ ಜಿರಳೆ ಬೇಡ, ಅದು ಯಾವ ವಿಷ ಮೆಟ್ಟಿ ಬಂದಿದೆಯೋ ಗೊತ್ತಾಗದು. ರೇಷ್ಮೆ ನಾಡಿನ ನಮಗೆ ಇನ್ನೊಂದು ಅನುಕೂಲವಿದೆ. ಮೆತ್ತಗಿನ, ಕೊಬ್ಬು ಕಡಿಮೆಯಿರುವ ರೇಷ್ಮೆ ಹುಳು ಇವಕ್ಕೆ ಅತ್ಯುತ್ತಮ ಮೇವು. ರೇಷ್ಮೆಯ ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಪೊರೆ ಬಿಡುವ ಹಂತ) ಕಳೆದ ಹುಳುಗಳನ್ನು ತಂದು, ಹುಳುಗಳ ಹಾಸಿಗೆಗೆ ಉದುರಿಸಿದ ಸುಣ್ಣ ಹಾಗೂ ಸೋಂಕುನಿವಾರಕ ಪುಡಿ ಹೋಗುವಂತೆ ಕೆಲವು ದಿನ ಮನೆಯಲ್ಲೇ ಶುದ್ಧ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿ ಕೊಡಬೇಕು. ಯಾವ ಹುಳವೂ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಮರಿಗೆ ದಿನವೂ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ ಮೇವು. ಹುಳಕ್ಕೆ ಡಿ3 ಬೆರೆಯದ ಕ್ಯಾಲ್ಸಿಯಂ ಪುಡಿ ಸವರಿ, ಡಿ3 ಇರುವುದನ್ನು ತಿಂಗಳಿಗೆರಡು ಬಾರಿ ಮಾತ್ರ ಬಳಸಿ.

ಬಣ್ಣದ ಆಸೆಗೆ ಸಾಕುವವರಿಗೆ ಒಂದು ಮಾತು. ಇದು ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂಬುದು ನಮ್ಮ ಬೈಗುಳದಲ್ಲಿ ಉಳಿದುಕೊಂಡಿರುವ ತಪ್ಪು ತಿಳಿವಳಿಕೆ. ಚಳಿ, ಭಯ, ಸಿಟ್ಟು, ಬೆದೆ ಇವೇ ಅದರ ಮೈಮೇಲೆ ಬಣ್ಣವಾಗಿ ಏಳುತ್ತವೆ. ಬಿಸಿ ಸಾಕಷ್ಟಿದ್ದೂ ಕಪ್ಪಗಿದ್ದರೆ, ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಒಂದು ಗೂಡಿಗೆ ಒಂದೇ ಗೋಸುಂಬೆ. ಕೈಮೇಲೆ ಹತ್ತಿಸಿಕೊಂಡು ನೆಂಟರಿಗೆ ತೋರಿಸುವ ಪ್ರಾಣಿ ಇದಲ್ಲ.

ಹೆಣ್ಣನ್ನೇ ತರುವವರು ಮೊದಲೇ ಒಂದು ತೊಟ್ಟಿಯಲ್ಲಿ ಒಂದಡಿ ಆಳದ ಒದ್ದೆ ಮರಳನ್ನು ಇಡಬೇಕು. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆ ಕಟ್ಟುತ್ತದೆ, ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆಗಳು ಒಳಗೇ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ.

ಚಪ್ಪಲಿ ಡಬ್ಬಿಯಲ್ಲಿ ಬಂದ ಆ ಗೋಸುಂಬೆ ಹೊಸ ಟ್ಯೂಬ್ ಮತ್ತು ಎರಡು ತಿಂಗಳ ಕ್ಯಾಲ್ಸಿಯಂ ಚಿಕಿತ್ಸೆಯ ನಂತರ ನಾಲಿಗೆ ಚಿಮ್ಮಿಸಿ ಹುಳ ಹಿಡಿಯತೊಡಗಿತು. ಮುಂಗಾಲುಗಳ ಬಾಗು ಮಾತ್ರ ಹಾಗೆಯೇ ಉಳಿದಿದೆ. ಅದರ ಕೊಂಬೆಗಳನ್ನು ಈಗ ಅಡ್ಡಡ್ಡಲಾಗಿ, ಒತ್ತೊತ್ತಾಗಿ ಕಟ್ಟಿಸಿದ್ದೇನೆ.